ಶುದ್ಧ ಉಚ್ಚೆ

ಅವಳ ಉಚ್ಚೆ ಶುದ್ಧವಾಗಿದೆ ಎಂದು ಮೊದಲು ಹೇಳಿದವನು ಕೋಚ್. ಅದಕ್ಕೆ ಮುಂಚೆ ಅವಳಿಗೆ ಸೇರಿದ ಯಾವುದನ್ನೂ ಯಾರೂ ಶುದ್ಧ ಎಂದಿರಲಿಲ್ಲ.

ಅವಳು ಕ್ರೀಡಾ ಹಾಸ್ಟೆಲಿನಲ್ಲಿ ಕಕ್ಕಸು ತೊಳೆಯುವವಳು. ಹುಡುಗಿಯರ ಭಾಗದಲ್ಲಿ ಹನ್ನೆರಡು ಕಕ್ಕಸು, ಎಂಟು ಬಚ್ಚಲು. ಆಳು ಒಬ್ಬಳೇ. ದಿನಕ್ಕೆ ಮೂರು ಸಲ ತೊಳೆಯಬೇಕು. ಒಮ್ಮೆ ಸೊಂಟ ಬಗ್ಗಿಸಿದರೆ ಎರಡು ಗಂಟೆ ಹೊತ್ತು ನೆಟ್ಟಗಾಗುವಂತಿಲ್ಲ. ಮೂವತ್ತೊಂದನೆಯ ವಯಸ್ಸಿಗೆ ಬೆನ್ನು ಮಾತ್ರ ಅರವತ್ತು ದಾಟಿತ್ತು. ಫಿನಾಯಿಲ್ ವಾಸನೆ ಕೂದಲಿಗೆ, ಉಗುರಿಗೆ, ತಿನ್ನುವ ಅನ್ನಕ್ಕೆ ಹತ್ತಿಕೊಂಡಿತ್ತು. ಹುಡುಗಿಯರು ಅವಳನ್ನು ಫಿನಾಯಿಲಕ್ಕ ಎನ್ನುತ್ತಿದ್ದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಅಕ್ಕ ಅಂತಾದರೂ ಸೇರಿಸಿದ್ದಾರಲ್ಲ.

ಅಡುಗೆಮನೆಯ ಬಾಗಿಲಿಗೆ ಬೋರ್ಡು ಹೊಡೆದಿದ್ದರು: ಶುಚಿ ಸಿಬ್ಬಂದಿಗೆ ಪ್ರವೇಶವಿಲ್ಲ. ಶುಚಿ ಮಾಡುವವರು ಒಳಗೆ ಬಂದರೆ ಕೊಳೆಯಾಗುತ್ತದೆ ಎಂದು ಅದರ ಅರ್ಥ. ಅವಳ ತಟ್ಟೆ, ಲೋಟ ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ಇರುತ್ತಿದ್ದವು. ಅಡುಗೆಯವನು ಸೌಟನ್ನು ಎತ್ತರಕ್ಕೆ ಹಿಡಿದು ಸುರಿಯುತ್ತಿದ್ದ. ಅರ್ಧ ತಟ್ಟೆಗೆ ಬೀಳುತ್ತಿತ್ತು, ಅರ್ಧ ಕೈಗೆ.

ಆ ಕೆಲಸ ಅವಳಿಗೆ ಸಿಕ್ಕಿದ್ದು ಗಂಡ ಸತ್ತದ್ದರಿಂದ. ಅವನು ಅಲ್ಲೇ ಪಂಪ್ ಮನೆಯಲ್ಲಿದ್ದ. ಈಜುಕೊಳಕ್ಕೆ ನೀರು ಬಿಡುವವನು. ನೆಲ ಒದ್ದೆಯಿತ್ತು, ವೈರು ಕಿತ್ತುಹೋಗಿತ್ತು. ಕಿತ್ತುಹೋಗಿದೆ ಎಂದು ಅವನು ಎರಡು ಸಲ ಬರೆದು ಕೊಟ್ಟಿದ್ದ. ಅವನ ಬದಲಿಗೆ ಅವಳಿಗೆ ಬ್ರಷ್ಷು ಕೊಟ್ಟರು, ಪಂಪ್ ಮನೆಯ ಹಿಂದಿನ ಕೋಣೆಯನ್ನು ಬಿಡಿಸಲಿಲ್ಲ. ಅತ್ತು ಮುಗಿಯುವ ಮೊದಲೇ ಕೆಲಸ ಶುರುವಾಯಿತು. ಆಮೇಲೆ ಅಳುವುದಕ್ಕೆ ಎಲ್ಲಿ ಬಿಟ್ಟಿದ್ದೆ ಎಂಬುದು ಮರೆತುಹೋಯಿತು. ಆ ಕೋಣೆಯಲ್ಲಿ ಈಗ ಅವಳು ಮತ್ತು ಅತ್ತೆ.

ಕೋಚ್ ಅವಳನ್ನು ಕರೆಸಿದ್ದು ವಾರ್ಡನಮ್ಮನ ಕೋಣೆಗೆ.

"ಏನಾದ್ರೂ ಕಾಯಿಲೆ ಇದೆಯಾ ನಿನಗೆ?"

"ಇಲ್ಲ ಸಾರ್."

"ಮಾತ್ರೆ ಗೀತ್ರೆ?"

"ಇಲ್ಲ ಸಾರ್."

"ಹೊಗೆಸೊಪ್ಪು, ಕುಡಿತ?"

"ಅಯ್ಯೋ, ಇಲ್ಲ ಸಾರ್."

"ಗಂಡ ಇಲ್ಲ ಅಲ್ವಾ. ಬಸುರಿ ಗಿಸುರಿ ಆಗೋ ಯೋಚನೆ?"

ವಾರ್ಡನಮ್ಮ ಕಿಸಕ್ಕೆಂದಳು. ಅವಳು ನೆಲ ನೋಡಿದಳು. ಆ ನೆಲವನ್ನು ಬೆಳಗ್ಗೆ ತಾನೇ ಒರೆಸಿದ್ದಳು.

"ಒಳ್ಳೇದು," ಎಂದ ಕೋಚ್. "ಇಡೀ ಹಾಸ್ಟೆಲಲ್ಲಿ ಶುದ್ಧವಾಗಿರೋಳು ನೀನೊಬ್ಬಳೇ."

ಆಮೇಲೆ ವಿಷಯ ಹೇಳಿದ. ಹಾಸ್ಟೆಲಿನಲ್ಲಿ ಓಡುವ ಹುಡುಗಿಯೊಬ್ಬಳಿದ್ದಳು. ಎಲ್ಲರೂ ಅವಳನ್ನು ಕುದುರೆ ಎನ್ನುತ್ತಿದ್ದರು. ಕಲ್ಲು ಒಡೆಯುವವರ ಮಗಳು, ಹದಿನಾರಕ್ಕೆ ಬಂದವಳು. ಓಡಿದರೆ ಅವಳ ಹಿಂದೆ ಬರುವವರಿಗೆ ಬೆನ್ನು ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಆ ಹುಡುಗಿಯ ಕಾಲಿಗೆ ಔಷಧಿ ಕೊಡುತ್ತಿದ್ದೇವೆ, ಅಷ್ಟೇ ಎಂದ ಕೋಚ್. ಆದರೆ ಉದ್ದೀಪನ ಮದ್ದು ಹುಡುಕುವ ಪರೀಕ್ಷೆಯವರು ಆಗಾಗ ಬರುತ್ತಾರೆ. ಉಚ್ಚೆ ಕೇಳುತ್ತಾರೆ. ಅವರಿಗೆ ಔಷಧಿ ಯಾವುದು, ವಿಷ ಯಾವುದು ಗೊತ್ತಾಗುವುದಿಲ್ಲ.

"ಅವಳ ಬದಲು ನಿಂದು ಕೊಟ್ಟರೆ ಆಯ್ತು. ಹೇಗಿದ್ರೂ ದಿನಾ ಚರಂಡಿಗೆ ಬಿಡೋದೇ ತಾನೇ?"

ಕೋಣೆ ಬಿಡಿಸುತ್ತೇನೆ ಎಂದು ಅವನು ಹೇಳಲಿಲ್ಲ. ಕೋಣೆಯಲ್ಲಿ ಅತ್ತೆ ಹೇಗಿದ್ದಾಳೆ ಎಂದು ವಿಚಾರಿಸಿದ, ಅಷ್ಟೇ. ಅವಳಿಗೆ ಅರ್ಥವಾಯಿತು.

ಕೆಲಸ ಸುಲಭವಿತ್ತು. ಪರೀಕ್ಷೆಯ ಮೇಡಂ ಬರುವ ಹಿಂದಿನ ದಿನವೇ ವಾರ್ಡನಮ್ಮನಿಗೆ ಫೋನು ಬರುತ್ತಿತ್ತು. ಮುನ್ಸೂಚನೆ ಕೊಡಬಾರದು ಎಂದು ಕಾನೂನು. ಬಾಗಿಲು ತೆರೆದಿಟ್ಟು ಎದುರೇ ನಿಂತು ನೋಡಬೇಕು ಎಂದೂ ಕಾನೂನು. ಮೇಡಂ ಕಾರಿಡಾರಿನ ಕಡೆ ಮುಖ ಮಾಡಿ ನಿಂತು ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದಳು. ಕುದುರೆ ಒಂದು ಕಕ್ಕಸಿನ ಒಳಗೆ. ಪಕ್ಕದ ಕಕ್ಕಸಿನಲ್ಲಿ ಫಿನಾಯಿಲಕ್ಕ, ಬಕೆಟ್ಟು ಬ್ರಷ್ಷಿನ ಜೊತೆ. ನಡುವಿನ ಗೋಡೆಯ ಕೆಳಗೆ ಒಂದು ಗೇಣು ಸಂದು. ಅವಳು ಬಿಸಿ ಆರದಂತೆ ಕಂಕುಳಲ್ಲಿ ಇಟ್ಟುಕೊಂಡಿದ್ದ ಸಣ್ಣ ಬಾಟಲಿಯನ್ನು ಒದ್ದೆ ನೆಲದ ಮೇಲೆ ಜಾರಿಸುತ್ತಿದ್ದಳು. ಆ ಕಡೆಯಿಂದ ಒಂದು ಕೈ ತೆಗೆದುಕೊಳ್ಳುತ್ತಿತ್ತು. ಕಕ್ಕಸು ತೊಳೆಯುವವಳು ಕಕ್ಕಸಿನಲ್ಲಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಷ್ಟವಿದ್ದದ್ದು ಉಳಿದ ದಿನಗಳಲ್ಲಿ. ಶೀತವಾದರೆ ಸಿರಪ್ಪು ಕುಡಿಯುವಂತಿಲ್ಲ. ಅದರಲ್ಲೂ ಏನೋ ಇರುತ್ತದಂತೆ. ಜ್ವರಕ್ಕೆ ಮಾತ್ರೆ ಇಲ್ಲ. ಬೆನ್ನಿಗೆ ಎಣ್ಣೆ ಹಚ್ಚಿದರೂ ವಾರ್ಡನಮ್ಮ ಶೀಶೆ ಇಸಿದುಕೊಂಡು ಹಿಂದಿನ ಚೀಟಿ ಓದುತ್ತಿದ್ದಳು. ಪರೀಕ್ಷೆಯವರು ಮಾಡಬೇಕಾದ ಕಾವಲನ್ನು ವಾರ್ಡನಮ್ಮ ಚೆನ್ನಾಗಿಯೇ ಮಾಡುತ್ತಿದ್ದಳು. ಓಟದವರ ಕಾನೂನೆಲ್ಲ ಫಿನಾಯಿಲಕ್ಕನ ಮೈಮೇಲೆ. ಓಟ ಕುದುರೆಯದು. ಪದಕದ ಜೊತೆಗಿನ ಫೋಟೋ ಕೋಚಿನದು.

"ಏನೇ, ನಿನಗೇನು ರೋಗ?" ಎಂದು ಅತ್ತೆ ಬೈಯುತ್ತಿದ್ದಳು. "ಜ್ವರ ಬಂದು ಒಲೆ ಹಂಗೆ ಕಾಯ್ತಿದ್ದೀಯ. ಒಂದು ಗುಳಿಗೆ ನುಂಗು ಅಂದ್ರೆ ಸನ್ಯಾಸಿ ಥರ ಕೂತಿದ್ದೀಯಲ್ಲ. ಯಾವನಿಗೆ ವ್ರತ ಹಿಡ್ದಿದ್ದೀಯ?"

ಹೇಳುವ ಹಾಗಿರಲಿಲ್ಲ. ಮೂರು ವರ್ಷ ಹೇಳಲಿಲ್ಲ. ಮೂರು ವರ್ಷದಲ್ಲಿ ಹನ್ನೊಂದು ಬಾಟಲಿ.

ಕಕ್ಕಸು ತೊಳೆಯುವವಳಿಗೆ ಹಾಸ್ಟೆಲಿನ ಎಲ್ಲರ ಮೈಯ ವಿಷಯ ಗೊತ್ತಿರುತ್ತದೆ. ಯಾರು ತಿಂದದ್ದನ್ನು ವಾಂತಿ ಮಾಡುತ್ತಾರೆ, ಯಾರು ನೀರು ಬಿಟ್ಟು ಅಳುತ್ತಾರೆ, ಯಾವ ತಿಂಗಳು ಯಾರಿಗೆ ತಡವಾಯಿತು. ಕುದುರೆಯ ಕೋಣೆಯ ಬುಟ್ಟಿಯಲ್ಲಿ ಐದು ತಿಂಗಳಿಂದ ಮುಟ್ಟಿನ ಪ್ಯಾಡು ಇರಲಿಲ್ಲ. ಹತ್ತಿ ಇರುತ್ತಿತ್ತು, ಒಡೆದ ಸಣ್ಣ ಗಾಜು ಇರುತ್ತಿತ್ತು, ಸೂಜಿ ಇರುತ್ತಿತ್ತು. ಒಂದು ಸಲ ಅವಳ ಹೆಬ್ಬೆರಳಿಗೆ ಚುಚ್ಚಿತ್ತು ಕೂಡ. ಹುಡುಗಿಯ ದನಿ ಒಡೆದು ದಪ್ಪವಾಗಿತ್ತು. ಗಲ್ಲದ ಮೇಲೆ ರೋಮ ಬಂದಿತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಬಚ್ಚಲ ಕನ್ನಡಿಯ ಮುಂದೆ ಬ್ಲೇಡು ಆಡಿಸುತ್ತಿದ್ದಳು. ಫಿನಾಯಿಲಕ್ಕ ಒಳಗೆ ಬಂದರೆ ಟವೆಲು ಮುಚ್ಚಿಕೊಳ್ಳುತ್ತಿದ್ದಳು. ಫಿನಾಯಿಲಕ್ಕ ಗೋಡೆಯ ಕಡೆ ತಿರುಗಿ ನಲ್ಲಿ ಉಜ್ಜುತ್ತಿದ್ದಳು. ಅವರಿಬ್ಬರ ಸ್ನೇಹ ಅಷ್ಟು.

ಒಂದು ಬೆಳಗ್ಗೆ ಬೆನ್ನು ಹಿಡಿದುಕೊಂಡಿತು. ಬಗ್ಗಿದವಳು ಬಗ್ಗಿದಂತೆಯೇ ಉಳಿದಳು. ಹಣೆಯನ್ನು ಕಕ್ಕಸಿನ ಗೋಡೆಗೆ ಆನಿಸಿ, ಬ್ರಷ್ಷು ಬಿಡದೆ, ಉಸಿರು ಹಿಡಿದು ನಿಂತಿದ್ದಳು. ಕುದುರೆ ನೋಡಿದಳು. ಓಡಿಹೋಗಿ ಕೋಣೆಯಿಂದ ಒಂದು ಚೀಟಿಯ ಪೊಟ್ಟಣ ತಂದಳು. ಆರು ಗುಲಾಬಿ ಗುಳಿಗೆ.

"ತಗೋ ಅಕ್ಕ. ದಿನಾ ಎರಡು. ನೋವೇ ಗೊತ್ತಾಗಲ್ಲ."

"ಬೇಡ ತಾಯಿ. ಗೊತ್ತಲ್ಲ, ನನ್ನ ಉಚ್ಚೆ…"

"ಅಯ್ಯೋ, ಇದು ಬರೀ ಮೂಳೆ ಗುಳಿಗೆ ಅಕ್ಕ. ಸಾರೇ ಹೇಳಿದ್ದಾರೆ. ಮಕ್ಕಳಿಗೂ ಕೊಡ್ತಾರಂತೆ. ಪರೀಕ್ಷೆಯಲ್ಲಿ ಬರೋದು ಇಂಜೆಕ್ಷನ್ ಮಾತ್ರ."

ಹುಡುಗಿ ಅದನ್ನು ನಂಬಿದ್ದಳು. ಚುಚ್ಚುವುದು ಕಳ್ಳ ಮಾಲು, ನುಂಗುವುದು ಮೂಳೆ ಔಷಧಿ ಎಂದು ಕೋಚ್ ಭಾಗ ಮಾಡಿ ಹೇಳಿದ್ದ. ಎಲ್ಲವೂ ಕಳ್ಳ ಮಾಲೇ ಎಂದರೆ ಹುಡುಗಿ ಹೆದರುತ್ತಾಳೆ ಎಂದು. ಅವಳು ಹೆದರಲಿಲ್ಲ. ಹೆದರದೆ ಕರುಣೆ ತೋರಿಸಿದಳು.

ಮೂರು ದಿನ ನುಂಗಿದಳು ಫಿನಾಯಿಲಕ್ಕ. ನೋವು ನಿಜಕ್ಕೂ ಹೋಯಿತು. ನಾಲ್ಕನೆಯ ದಿನ ಮೇಡಂ ಬಂದಳು. ಗೋಡೆಯ ಕೆಳಗೆ ಬಾಟಲಿ ಜಾರಿತು. ಒಂದು ತಿಂಗಳಿಗೆ ಕಾಗದ ಬಂತು. ಕುದುರೆಯ ಉಚ್ಚೆಯಲ್ಲಿ ನಿಷೇಧಿತ ಮದ್ದು ಸಿಕ್ಕಿದೆ.

ಕೋಚಿಗೆ ಅದು ತಲೆಗೆ ಹೋಗಲು ಒಂದು ದಿನ ಹಿಡಿಯಿತು. ಕುದುರೆ ಸಿಕ್ಕಿಬಿದ್ದದ್ದು ಕುದುರೆಯ ಉಚ್ಚೆಯಿಂದಲ್ಲ. ವಾರ್ಡನಮ್ಮನ ಕೋಣೆಯಲ್ಲಿ ಅವಳನ್ನು ನಿಲ್ಲಿಸಿ ಬಾಗಿಲು ಹಾಕಿದರು.

"ಏನು ತಿಂದೆ? ಬೊಗಳು."

"ಏನೂ ಇಲ್ಲ ಸಾರ್."

"ಕದ್ದು ತಿಂದೆಯಾ? ಅವಳ ಕೋಣೆ ಗುಡಿಸೋಕೆ ಹೋದಾಗ?"

"ಇಲ್ಲ ಸಾರ್."

"ಮೂರು ವರ್ಷ ನಿನ್ನ ಉಚ್ಚೆ ನಂಬಿದೆ ಕಣೇ ನಾನು!" ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಹೆಂಡತಿ ಓಡಿಹೋದ ಗಂಡನ ಹಾಗೆ ಕಾಣುತ್ತಿದ್ದ. ಅವಳಿಗೆ ನಗು ಬಂತು. ನುಂಗಿದಳು. ಹುಡುಗಿ ಕೊಟ್ಟಳು ಎಂಬುದನ್ನೂ ನುಂಗಿದಳು.

ವಕೀಲ ಬಂದ. ಒಳ್ಳೆಯ ಬಟ್ಟೆ, ಮೆತ್ತನೆ ಮಾತು. ಅವಳನ್ನು ನೀವು ಎಂದ. ಕಾನೂನನ್ನು ಬಿಡಿಸಿ ಹೇಳಿದ. ಮದ್ದು ಯಾರ ಮೈಯಲ್ಲಿ ಸಿಕ್ಕಿತೋ ತಪ್ಪು ಅವರದು. ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ. ಆದರೆ ಬೇರೆ ಯಾರೋ ಬೇಕೆಂದೇ ಬೆರೆಸಿದರು ಎಂದು ತೋರಿಸಿದರೆ ಶಿಕ್ಷೆ ಇಲ್ಲ.

"ಅಂದ್ರೆ ನಮಗೆ ಬೆರೆಸಿದವರೊಬ್ಬರು ಬೇಕು," ಎಂದ.

ಕಾಗದ ಸಿದ್ಧವಿತ್ತು. ಓದಿ ಹೇಳಿದ. ಕಕ್ಕಸು ಕೊಳಕಾಗಿದೆ ಎಂದು ಓಟಗಾರ್ತಿ ದೂರು ಕೊಟ್ಟಿದ್ದಳು. ಆ ಸೇಡಿಗೆ ನಾನು ಅವಳ ಹಾಲಿನಲ್ಲಿ ಗುಳಿಗೆ ಪುಡಿ ಮಾಡಿ ಹಾಕಿದೆ. ಏನು ಗುಳಿಗೆ ಎಂದು ನನಗೆ ಗೊತ್ತಿಲ್ಲ.

"ನನ್ನ ಕಕ್ಕಸು ಕೊಳಕಿರ್ಲಿಲ್ಲ," ಎಂದಳು ಅವಳು.

ವಕೀಲ ಕೋಚಿನ ಮುಖ ನೋಡಿದ. "ಅದು ಬರೀ ಕಾಗದದಲ್ಲಿ ಅಮ್ಮ."

"ಯಾವತ್ತೂ ಕೊಳಕಿರ್ಲಿಲ್ಲ."

"ನಿಮಗೇನೂ ಆಗಲ್ಲ. ಬೇರೆ ಊರಿನ ಹಾಸ್ಟೆಲಿಗೆ ಹಾಕ್ತಾರೆ. ಇಲ್ಲಾಂದ್ರೆ ಕೋಣೆ ಈ ವಾರವೇ ಬಿಡಬೇಕಾಗತ್ತೆ. ಯೋಚನೆ ಮಾಡಿ."

ಅವಳು ಸಹಿ ಹಾಕುವುದಿಲ್ಲ ಎಂದು ಎದ್ದು ಬಂದಳು. ಮರುದಿನ ಮಧ್ಯಾಹ್ನ ಬಚ್ಚಲಿಗೆ ಕುದುರೆ ಬಂದಳು. ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತಳು. ಆ ದಪ್ಪ ದನಿಯಲ್ಲಿ ಅಳು ಬಂದರೆ ಯಾರೋ ಗಂಡಸು ಒಳಗೆ ಬಂದಂತೆ ಕೇಳುತ್ತಿತ್ತು. ಅವಳೇ ಬಾಯಿ ಮುಚ್ಚಿಕೊಂಡಳು.

"ಸೈನ್ ಹಾಕು ಅಕ್ಕ."

ಫಿನಾಯಿಲಕ್ಕ ಉಜ್ಜುತ್ತಲೇ ಇದ್ದಳು.

"ನಾಲ್ಕು ವರ್ಷ ನಿಷೇಧ ಅಂತೆ. ನಾಲ್ಕು ವರ್ಷ ಆದ್ಮೇಲೆ ನಾನು ಯಾವಳು? ಅಪ್ಪ ಅಮ್ಮ ಕಲ್ಲು ಒಡಿಯೋದು ಬಿಟ್ಟು ಎರಡು ವರ್ಷ ಆಯ್ತು, ನನ್ನ ಓಟ ನಂಬ್ಕೊಂಡು. ನನಗೆ ಬೇರೆ ಏನೂ ಬರಲ್ಲ ಅಕ್ಕ. ಓಡೋದೊಂದೇ."

"ಆ ಗುಳಿಗೆ ಕೊಟ್ಟಿದ್ದು ಯಾರು, ಅದನ್ನ ಹೇಳು. ನಿನ್ನ ತೋಳಿಗೆ ಚುಚ್ಚಿದ್ದು ಯಾರು, ಹೇಳು."

"ಸಾರ್ ಹೆಸರು ಹೇಳಿದ್ರೆ ಇನ್ನು ಯಾರೂ ನನ್ನ ಸೇರಿಸಿಕೊಳ್ಳಲ್ಲ. ಮುಗೀತು."

"ನನ್ನ ಹೆಸರು ಹೇಳ್ಬಹುದಾ?"

ಹುಡುಗಿ ಮುಖ ಎತ್ತಿದಳು. ಅವಳಿಗೆ ಆ ಪ್ರಶ್ನೆ ಅರ್ಥವೇ ಆಗಿರಲಿಲ್ಲ. ಕೆಟ್ಟವಳಲ್ಲ. ಮುಗ್ಧವಾಗಿಯೇ ಕೇಳಿದಳು:

"ನಿನಗೇನು ಹೋಗತ್ತೆ ಅಕ್ಕ?"

ನಲ್ಲಿ ಸುರಿಯುತ್ತಿತ್ತು. ಫಿನಾಯಿಲಕ್ಕ ಅದನ್ನು ನಿಲ್ಲಿಸಿದಳು. ಏನು ಹೋಗುತ್ತದೆ ಎಂದು ಹುಡುಕಿದಳು. ಸಂಜೆ ಹೋಗಿ, ಕಾಗದ ಓದದೆ ಸಹಿ ಹಾಕಿದಳು.

ವಿಚಾರಣೆ ನಡೆದದ್ದು ದೊಡ್ಡ ಕಟ್ಟಡದ ಆರನೆಯ ಮಹಡಿಯಲ್ಲಿ. ಉದ್ದನೆ ಮೇಜು, ತಣ್ಣಗಿನ ಕೋಣೆ, ಎಲ್ಲರ ಮುಂದೆ ಒಂದೊಂದು ನೀರಿನ ಬಾಟಲಿ. ಮೂವರು ಕೂತಿದ್ದರು. ನಡುವೆ ಬಿಳಿ ಮೀಸೆಯ ಅಧ್ಯಕ್ಷ. ಒಂದು ಕಡೆ ಡಾಕ್ಟರಮ್ಮ. ಇನ್ನೊಂದು ಕಡೆ ಒಂದಾನೊಂದು ಕಾಲದ ಆಟಗಾರ, ತನ್ನ ಹಳೆಯ ಮೊಣಕಾಲನ್ನು ತಿಕ್ಕುತ್ತ ಫೋನು ನೋಡುತ್ತಿದ್ದ. ಈ ಕಡೆ ಕೋಚ್, ವಕೀಲ, ಕುದುರೆ. ಕುದುರೆ ತಲೆ ಬಗ್ಗಿಸಿದ್ದಳು. ಫಿನಾಯಿಲಕ್ಕ ಬಾಗಿಲ ಪಕ್ಕ ನಿಂತಿದ್ದಳು. ಸಾಕ್ಷಿ ಎಂದರೆ ಕೂರಬಹುದೋ ಕೂರಬಾರದೋ ಯಾರೂ ಹೇಳಿರಲಿಲ್ಲ.

ವಕೀಲ ಅವಳ ಕಾಗದ ಓದಿದ. ಕೊಳಕು ಕಕ್ಕಸು, ದೂರು, ಸೇಡು, ಹಾಲು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವಳಿಗೆ ಓದಿ ಹೇಳದ ಎರಡು ಸಾಲು ಕೆಳಗಿದ್ದವು.

"…ನನ್ನ ಗಂಡ ಸ್ವಂತ ಅಜಾಗರೂಕತೆಯಿಂದ ಸತ್ತ ದಿನದಿಂದ ನನ್ನ ಬುದ್ಧಿ ಸ್ಥಿಮಿತದಲ್ಲಿಲ್ಲ. ಸಂಸ್ಥೆಯ ಮೇಲೆ ಮೊದಲಿನಿಂದಲೂ ನನಗೆ ದ್ವೇಷವಿತ್ತು."

ಡಾಕ್ಟರಮ್ಮ ಕನ್ನಡಕ ತೆಗೆದಳು. "ಹಾಲು ಎಲ್ಲಿರುತ್ತಮ್ಮ?"

"ಅಡುಗೆಮನೆಯಲ್ಲಿ."

"ನೀವು ಅಲ್ಲಿಗೆ ಹೋಗ್ತೀರಾ?"

"ನಾಲ್ಕು ವರ್ಷದಲ್ಲಿ ಒಂದು ದಿನಾನೂ ಆ ಹೊಸಲು ದಾಟಿಲ್ಲ. ನಮ್ಮಂಥೋರು ಬರಬಾರದು ಅಂತ ಬೋರ್ಡಿದೆ."

"ಕದ್ದು ಹೋಗಿರ್ತಾಳೆ," ಎಂದ ಕೋಚ್.

ಅವಳು ಅವನ ಕಡೆ ನೋಡಲಿಲ್ಲ. ಕಿವಿಯಲ್ಲಿ ಒಂದೇ ಮಾತು ನಿಂತಿತ್ತು. ಅಜಾಗರೂಕತೆ. ಎರಡು ಸಲ ಬರೆದು ಕೊಟ್ಟಿದ್ದ. ಎರಡನೆಯ ಅರ್ಜಿಯಲ್ಲಿ ಕಾಗುಣಿತ ತಪ್ಪಿದೆಯೇ ನೋಡು ಎಂದು ಅವಳಿಗೆ ತೋರಿಸಿದ್ದ. ಅವಳು ನೋಡಿ ಸರಿಯಿದೆ ಎಂದಿದ್ದಳು. ಏನು ಹೋಗುತ್ತದೆ ಎಂದು ಹುಡುಗಿ ಕೇಳಿದ್ದಳಲ್ಲ, ಇದು ಹೋಗುತ್ತದೆ. ಸತ್ತವನು ಎರಡನೆಯ ಸಲ ಸಾಯುತ್ತಾನೆ, ಅದೂ ಅವಳ ಸಹಿಯಲ್ಲಿ.

"ಅದು ಸುಳ್ಳು," ಎಂದಳು.

"ಯಾವುದು?" ಎಂದ ಅಧ್ಯಕ್ಷ.

"ಎಲ್ಲಾ. ಹಾಲೂ ಇಲ್ಲ, ಸೇಡೂ ಇಲ್ಲ. ನನ್ನ ಬುದ್ಧಿ ಸರಿಯಾಗಿದೆ. ನನ್ನ ಕಕ್ಕಸೂ ಸರಿಯಾಗಿದೆ. ಆ ಬಾಟಲಿಯಲ್ಲಿರೋದು ಈ ಹುಡುಗಿದಲ್ಲ. ನನ್ನ ಉಚ್ಚೆ ಅದು."

ಕೋಣೆಯಲ್ಲಿ ಯಾರೂ ಆ ಶಬ್ದವನ್ನು ಅಲ್ಲಿಯವರೆಗೆ ಆಡಿರಲಿಲ್ಲ. ಬೆಳಗ್ಗೆಯಿಂದ ಎಲ್ಲರೂ ಮಾದರಿ, ಮಾದರಿ ಎನ್ನುತ್ತಿದ್ದರು. ಆಟಗಾರ ಫೋನು ಕೆಳಗಿಟ್ಟ.

"ಮೂರು ವರ್ಷದಿಂದ ನಂದೇ. ಗೋಡೆ ಕೆಳಗಿಂದ ಕೊಡ್ತಿದ್ದೆ. ಕೊಡು ಅಂದಿದ್ದು ಸಾರ್. ಈ ಮಗುಗೆ ಸೂಜಿ ಚುಚ್ಚಿದ್ದೂ ಅವರೇ. ಆ ಸೂಜಿ ನಾನೇ ಗುಡಿಸಿದ್ದೀನಿ. ಮೂಳೆ ಗುಳಿಗೆ ಅಂತ ಹೇಳಿ ಗುಳಿಗೆ ಕೊಟ್ಟಿದ್ದೂ ಅವರೇ. ನನ್ನ ಬೆನ್ನು ನೋವು ನೋಡಕ್ಕಾಗದೆ ಇವಳು ನನಗೆ ಆರು ಕೊಟ್ಟಳು. ನಾನು ನುಂಗಿದೆ. ನಿಮ್ಮ ಮಿಷನ್ನು ಹಿಡಿದಿದ್ದು ನನ್ನನ್ನ."

ವಕೀಲ ಎದ್ದ. ದನಿ ಈಗಲೂ ಮೆತ್ತಗಿತ್ತು. "ನಾನು ಮೊದಲೇ ಓದಿದೆ ಸ್ವಾಮಿ. ಈಕೆಯ ಬುದ್ಧಿ ಸ್ಥಿಮಿತದಲ್ಲಿಲ್ಲ."

"ಅಕ್ಕ, ಸುಮ್ನಿರು," ಎಂದಳು ಕುದುರೆ, ತಲೆ ಎತ್ತದೆ.

"ನೋಡಿ ಅಮ್ಮ," ಅಧ್ಯಕ್ಷ ಮುಂದೆ ಬಾಗಿದ. "ಬಾಯಿಮಾತು ಸಾಲದು. ಹೋಲಿಸಿ ನೋಡೋಕೆ ನಿಮ್ಮ ಮೂತ್ರದ ಮಾದರಿ ಬೇಕಾಗುತ್ತೆ. ಈಗ ಕೊಡ್ತೀರಾ? ವ್ಯವಸ್ಥೆ ಮಾಡಿಸ್ತೀನಿ."

"ಕೊಡಲ್ಲ."

"ಯಾಕೆ?"

"ಮೂರು ವರ್ಷ ಕೊಟ್ಟಿದ್ದೀನಿ ಸ್ವಾಮಿ. ಜ್ವರ ಬಂದರೂ ಮಾತ್ರೆ ತಿನ್ನದೆ ಕೊಟ್ಟಿದ್ದೀನಿ. ಹನ್ನೊಂದು ಬಾಟಲಿ ನಿಮ್ಮ ಫ್ರಿಜ್ಜಲ್ಲೇ ಇದೆ. ಇನ್ನೊಂದು ತೊಟ್ಟು ಕೊಡಲ್ಲ. ಉಗುಳು ಬೇಕಾ, ತಗೊಳ್ಳಿ. ರಕ್ತ ಬೇಕಾ, ತಗೊಳ್ಳಿ. ಉಚ್ಚೆ ಇನ್ನು ನಂದು."

ಡಾಕ್ಟರಮ್ಮ ಉಗುಳು ಸಾಕು ಎಂದಳು. ಬಾಯೊಳಗೆ ಹತ್ತಿಯ ಕಡ್ಡಿ ಆಡಿಸಿ ಒಂದು ಕೊಳವೆಯಲ್ಲಿಟ್ಟು ಚೀಟಿ ಅಂಟಿಸಿದರು.

ಹೊರಗೆ ಲಿಫ್ಟಿನ ಮುಂದೆ ಕುದುರೆ ಅವಳ ತೋಳು ಹಿಡಿದಳು. ಆ ಹಿಡಿತಕ್ಕೆ ತೋಳು ಮುರಿಯುವಂತಿತ್ತು.

"ಕೊಂದೆ ನನ್ನ. ನೀನು ಕೊಂದೆ."

ಫಿನಾಯಿಲಕ್ಕ ಬಿಡಿಸಿಕೊಳ್ಳಲಿಲ್ಲ. "ಏಳು ತಿಂಗಳಾಯ್ತು ಮಗಳೇ ನೀನು ಮುಟ್ಟಾಗಿ," ಎಂದಳು. "ಯಾರಾದ್ರೂ ಒಳ್ಳೆ ಡಾಕ್ಟರ ಹತ್ರ ಹೋಗು. ಸಾರ್ ಹೇಳಿದೋರ ಹತ್ರ ಬೇಡ."

ಹುಡುಗಿಯ ಕೈ ಸಡಿಲವಾಯಿತು. ಲಿಫ್ಟಿನ ಬಾಗಿಲು ತೆರೆಯಿತು. ಕೋಚ್ ಒಳಗಿಂದ ಅವಳನ್ನು ಕರೆದ. ಕುದುರೆ ಹೋದಳು. ಇನ್ನೆಲ್ಲಿಗೆ ಹೋಗಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪಂಪ್ ಮನೆಯ ಹಿಂದಿನ ಕೋಣೆಯನ್ನು ಮೂರನೆಯ ದಿನ ಖಾಲಿ ಮಾಡಿಸಿದರು. ವಾರ್ಡನಮ್ಮ ನಿಂತು ಪಾತ್ರೆ ಎಣಿಸಿದಳು, ಹಾಸ್ಟೆಲಿನದೇನಾದರೂ ಸೇರಿದೆಯೋ ಎಂದು. ಅತ್ತೆ ಹೋಗುವಾಗ ಅವಳ ಮುಂದೆಯೇ ನೆಲಕ್ಕೆ ಉಗಿದಳು. "ಇದನ್ನೂ ಬಾಟಲಿಗೆ ಹಾಕಿಕೋ ತಾಯಿ. ಶುದ್ಧವಾಗಿದೆ."

ಅತ್ತೆಗೆ ಅಷ್ಟು ಹೊತ್ತಿಗೆ ಎಲ್ಲ ಗೊತ್ತಾಗಿತ್ತು. ಮೊದಲು ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ಹೇಳಿದ್ದು ಇಷ್ಟೇ: "ಹೇಳ್ಬೇಕಿತ್ತು ಕಣೇ ನನಗೆ. ನನ್ನ ಉಚ್ಚೇನೂ ಬೆರೆಸ್ತಿದ್ದೆ. ಸಕ್ಕರೆ ಕಾಯಿಲೆ, ಓಡೋ ಹುಡುಗಿಗೆ ಒಂದಿಷ್ಟು ಸಿಹಿ ಸಿಕ್ತಿತ್ತು."

ಇಬ್ಬರೂ ನಕ್ಕರು. ಗಂಡ ಸತ್ತ ಮೇಲೆ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಅತ್ತೆ ನಗುತ್ತ ನಗುತ್ತ ಅಳತೊಡಗಿದಳು. ಸೊಸೆ ಅಳಲಿಲ್ಲ.

ಈಗ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇದ್ದಾಳೆ. ಹಗಲೆಲ್ಲ ರಕ್ತದ ಚಾದರ, ಕೀವಿನ ಪಟ್ಟಿ, ಬಿಸಿನೀರಿನ ಹಬೆ. ಇರುವುದು ತಗಡಿನ ಮಾಡಿನ ಒಂದು ಕೋಣೆ. ಬೇಸಿಗೆಯ ಮಧ್ಯಾಹ್ನ ಒಳಗೆ ನಿಲ್ಲಲಾಗದೆ ಇಬ್ಬರೂ ಬಾಗಿಲ ನೆರಳಲ್ಲಿ ಕೂರುತ್ತಾರೆ. ಐದು ತಿಂಗಳ ಮೇಲೆ, ಅಂಥದೇ ಒಂದು ರಜೆಯ ಮಧ್ಯಾಹ್ನ, ಬ್ಯಾಗು ತಗುಲಿಹಾಕಿಕೊಂಡ ಒಬ್ಬ ಬಂದ. ಪರೀಕ್ಷೆಯ ಕಚೇರಿಯ ಜವಾನ. ಲಕೋಟೆ ಕೊಟ್ಟ. ನೀರು ಕೇಳಿ ಕುಡಿದ. ಕುಡಿದ ಲೋಟವನ್ನು ತಾನೇ ತೊಳೆದಿಟ್ಟ. ಅದನ್ನು ಅವಳು ಗಮನಿಸಿದಳು.

"ಏನಂತೆ?" ಎಂದಳು ಅತ್ತೆ.

ಅವಳು ಏಳನೆಯ ತರಗತಿಯವರೆಗೆ ಓದಿದವಳು. ನಿಧಾನವಾಗಿ ಓದಿದಳು. ಅರ್ಥವಾಗದ ಕಡೆ ಜವಾನ ಬಿಡಿಸಿ ಹೇಳಿದ. ಹನ್ನೊಂದು ಬಾಟಲಿಯೂ ಅವಳದೇ ಎಂದು ಸಾಬೀತಾಗಿದೆ. ಕುದುರೆಗೆ ಎಂಟು ವರ್ಷ ನಿಷೇಧ. ಆಮೇಲೆ ಎದುರೇ ನಿಂತು ತೆಗೆದ ಅವಳದೇ ಉಚ್ಚೆಯಲ್ಲಿ ಸಿಕ್ಕ ಮದ್ದಿಗೆ ನಾಲ್ಕು, ಮೋಸಕ್ಕೆ ನಾಲ್ಕು. ಮೋಸಕ್ಕೆ ನೆರವಾದ ತಪ್ಪಿಗೆ ಇವಳ ಮೇಲೂ ಆರೋಪ, ನಾಲ್ಕು ವರ್ಷ ನಿಷೇಧದ್ದು. ಯಾವುದೇ ಕ್ರೀಡೆಯಲ್ಲಿ ಭಾಗವಹಿಸುವಂತಿಲ್ಲ. ತರಬೇತಿ ಕೊಡುವಂತಿಲ್ಲ. ಯಾವ ಕ್ರೀಡಾಂಗಣದಲ್ಲೂ ಯಾವ ಕೆಲಸವನ್ನೂ ಮಾಡುವಂತಿಲ್ಲ.

ಅತ್ತೆ ಕೆನ್ನೆಗೆ ಕೈ ಹಚ್ಚಿದಳು. "ಅಯ್ಯಯ್ಯೋ, ಇನ್ನು ನೀನು ಓಡೋ ಹಾಗಿಲ್ವೇನೇ? ನಾಳೆ ಪದಕ ತರ್ತೀಯ ಅಂತ ಕಾಯ್ತಿದ್ನಲ್ಲ!"

ಜವಾನನಿಗೂ ನಗು ಬಂತು. ಆಮೇಲೆ ನಾಚಿಕೊಂಡ. "ಇಪ್ಪತ್ತು ದಿನದೊಳಗೆ ತಪ್ಪೊಪ್ಪಿಕೊಂಡ್ರೆ ಒಂದು ವರ್ಷ ಕಡಿಮೆ ಮಾಡ್ತಾರಮ್ಮ. ಇಲ್ಲಿ ಒಪ್ಪಿಗೆ ಅಂತಿದೆ ನೋಡಿ. ಗುರುತು ಹಾಕಿ ಸೈನ್ ಮಾಡಿದ್ರೆ ಮುಗೀತು. ಎಲ್ಲರೂ ಹಾಗೇ ಮಾಡೋದು."

"ಸಾರ್‌ಗೆ ಎಷ್ಟು ವರ್ಷ?"

"ಯಾವ ಸಾರು?"

"ಕೋಚ್."

ಜವಾನ ಹಾಳೆ ತಿರುವಿದ. ಮೂರನೆಯ ಪುಟದಲ್ಲಿ ಬೆರಳಿಟ್ಟ. "ಇದೆ ಅವರ ಹೆಸರು. ಆದ್ರೆ ಶಿಕ್ಷೆಯಲ್ಲಲ್ಲ. ಸಾಕ್ಷಿ. ನಿಮ್ಮ ಮೇಲೆ ಅವರೇ ಸಾಕ್ಷಿ. ಹುಡುಗಿಗೂ ನಿಮಗೂ ಒಳಒಪ್ಪಂದ ಇತ್ತು, ತನಗೆ ಗೊತ್ತೇ ಇರ್ಲಿಲ್ಲ ಅಂತ ಬರೆದುಕೊಟ್ಟಿದ್ದಾರೆ. ಹುಡುಗಿ ಬಾಯಿ ಬಿಟ್ಟಿಲ್ಲ. ಸೂಜಿ ಯಾರು ಚುಚ್ಚಿದ್ದು ಅಂತ ರುಜುವಾತಿಲ್ಲ. ಈಗ ಅವರು ದೊಡ್ಡ ಕೇಂದ್ರದಲ್ಲಿದ್ದಾರೆ. ಹತ್ತು ಹನ್ನೆರಡು ವರ್ಷದ ಹೆಣ್ಣುಮಕ್ಕಳನ್ನ ಆರಿಸೋ ಕೆಲಸ."

ಅತ್ತೆಯ ನಗು ನಿಂತಿತು.

ಫಿನಾಯಿಲಕ್ಕ ಮೂರನೆಯ ಪುಟ ಓದಿದಳು. ಇನ್ನೊಂದು ಸಲ ಓದಿದಳು. ಬಿಸಿನೀರಿಗೆ ಸುಲಿದ ಬೆರಳ ತುದಿಗಳು ಕಾಗದಕ್ಕೆ ಅಂಟುತ್ತಿದ್ದವು.

"ಒಪ್ಪದೇ ಇದ್ರೆ?"

"ಕೆಳಗೆ ಒಪ್ಪಿಗೆ ಇಲ್ಲ ಅಂತಿದೆಯಲ್ಲ, ಅಲ್ಲಿ ಗುರುತು ಹಾಕಿದ್ರೆ ವಿಚಾರಣೆಗೆ ಕರೀತಾರೆ. ಸುಮ್ನೆ ಅಲೆದಾಟ. ಕೊನೆಗೆ ಅದೇ ನಾಲ್ಕು ವರ್ಷ. ನಿಮಗೆ ಯಾಕಮ್ಮ ಅದೆಲ್ಲ? ನೀವೇನು ಮೈದಾನಕ್ಕೆ ಹೋಗೋರಾ?"

"ಈ ಸಾಕ್ಷಿ ಬರ್ತಾರಾ ಅಲ್ಲಿಗೆ?"

"ಬರಲೇಬೇಕು. ನೀವು ಕರೆಸಿ ಅಂದ್ರೆ ಕರೆಸಲೇಬೇಕು. ಆಗ ನೀವೇ ಪಾರ್ಟಿ ಅಲ್ವಾ. ನೀವು ಅವರನ್ನ ಪ್ರಶ್ನೆ ಕೇಳಬಹುದು. ರೂಲಿದೆ."

"ನಾನು? ಅವರನ್ನ?"

"ಹೂಂ."

"ಎಷ್ಟು ಬೇಕಾದ್ರೂ?"

ಜವಾನ ತಲೆ ಕೆರೆದುಕೊಂಡ. "ಇಷ್ಟೇ ಅಂತ ಎಲ್ಲೂ ಬರೆದಿಲ್ಲ ಅನ್ಸತ್ತೆ."

ಅವಳು ಕೈ ಚಾಚಿದಳು.

"ಪೆನ್ನು ಕೊಡಿ."